ಮಾಂದೆ ಅಂದರೆ ಬುಟ್ಟಿ

ಹೊಡೆದು ಎರಡು ಗಂಟೆಯ ಮೇಲಾಗಿದ್ದರೂ ನಾತಿಯ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ನಲ್ಲಿಯ ತಣ್ಣೀರಿಗೆ ಹಿಡಿದಳು, ಏಪ್ರನ್ನಿಗೆ ಒರೆಸಿಕೊಂಡಳು, ಮತ್ತೆ ನೀರಿಗೆ ಹಿಡಿದಳು. ಹೋಟೆಲಿನ ಈ ಅಡುಗೆಮನೆಯಲ್ಲಿ ಕೈ ಸುಟ್ಟುಕೊಳ್ಳುವುದು, ಕೊಯ್ದುಕೊಳ್ಳುವುದು ದಿನಾ ಇದ್ದದ್ದೇ. ಅದಕ್ಕೆಲ್ಲ ಅವಳು ಮುಖ ಕೂಡ ಕಿವಿಚುವವಳಲ್ಲ. ಇದು ಬೇರೆ. ನಡುಬೆರಳಿನ ಬುಡದಲ್ಲಿ ಸಣ್ಣದೊಂದು ಕೆಂಪು ಗೀರು ಮೂಡಿತ್ತು, ಮಗಳ ಹಲ್ಲು ತಗುಲಿದ ಗೀರು. ಬೆಳಿಗ್ಗೆ ಏಳೂವರೆಗೆ ಸಿಲ್ಕೆ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ, ದಾರ ಕಟ್ಟುವಾಗ ಇನ್ನೂ ನಾಲಗೆ ಹೊರಗೆ ಹಾಕುತ್ತಾಳೆ. ನಾತಿ ಒಲೆಯ ಹತ್ತಿರದಿಂದ ಅವಳ ಹೆಸರು ಹಿಡಿದು ಕೂಗಿದಳು. ಹಣ್ಣಿನ ಡಬ್ಬಿ ಮರೆಯಬೇಡ ಎಂದು ಹೇಳಬೇಕಿತ್ತು, ಅಷ್ಟೆ. ಹುಡುಗಿ ತಲೆಯೆತ್ತದೆ ‘ವುಕ್?’ ಎಂದಳು. ಈ ಓಸ್ಟೆಂಡ್ ಬಂದರಿನಲ್ಲಿ ಮೀನು ಮಾರುವವರಿಂದ ಹಿಡಿದು ಬ್ಯಾಂಕಿನವರ ತನಕ ‘ಏನು’ ಎನ್ನುವುದಕ್ಕೆ ಹಾಗೇ ಅನ್ನುವುದು. ಉಗುಳಿದ ಹಾಗೆ ಕೇಳಿಸುತ್ತದೆ, ಆದರೆ ಅದರಲ್ಲಿ ಯಾವ ಉದ್ಧಟತನವೂ ಇಲ್ಲ. ನಾತಿಗೆ ಸಿಟ್ಟೂ ಬಂದಿರಲಿಲ್ಲ. ಈಗ ಅವಳಿಗೆ ಭಯವಾಗುತ್ತಿದ್ದುದು ಅದಕ್ಕೇ. ಸಿಟ್ಟು ಬರುವುದಕ್ಕೆ ಮೊದಲೇ ಕಾಲು ನಾಲ್ಕು ಹೆಜ್ಜೆ ನಡೆದಿತ್ತು, ಕೈ ಎದ್ದು ಬಾಯಿಯ ಮೇಲೆ ಬಿದ್ದಿತ್ತು. ಹುಡುಗಿ ಅಳಲಿಲ್ಲ. ತುಟಿಗೆ ಬೆರಳಿಟ್ಟು, ಬೆರಳಿಗೆ ಹತ್ತಿದ ರಕ್ತವನ್ನು ನೋಡಿ, ಇನ್ನೊಂದು ಬೂಟಿನ ದಾರವನ್ನೂ ಕಟ್ಟಿ ಮುಗಿಸಿದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ಶಾಲೆಗೆ ಹೋದಳು. ಹಣ್ಣಿನ ಡಬ್ಬಿ ಮೇಜಿನ ಮೇಲೇ ಉಳಿಯಿತು.

ಮೂಲೆಯ ಮೇಜಿನಲ್ಲಿ ಕೂತು ನಾತಿಯ ತಾಯಿ ಕ್ರೆಸೆನ್ಸಿಯಾ ಅದನ್ನೆಲ್ಲ ನೋಡಿದ್ದಳು. ಎಪ್ಪತ್ತೊಂದು ವರ್ಷದ ಆ ಮುದುಕಿ ಮೆಕ್ಕೆಜೋಳದ ತೆಳು ರೊಟ್ಟಿಗಳಲ್ಲಿ ಆಲೂಗಡ್ಡೆ ತುಂಬಿ ಮಡಚುತ್ತಿದ್ದಳು, ನಿಮಿಷಕ್ಕೆ ಹನ್ನೆರಡು, ನಲವತ್ತು ವರ್ಷದಿಂದ ಅದೇ ವೇಗ. ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಮಡಚುವುದನ್ನು ನಿಲ್ಲಿಸದೆ ಹೇಳಿದಳು: “ಮೂಗು ನಂದು. ಕೈ ನಿಮ್ಮಪ್ಪಂದು.” ಬೈದದ್ದಲ್ಲ. ಹುಟ್ಟಿದ ಮಗುವನ್ನು ನೋಡಲು ಬಂದವರು ಯಾರ ಹೋಲಿಕೆ ಎಂದು ಹೇಳುತ್ತಾರಲ್ಲ, ಆ ದನಿ. ನಾತಿ ಏನು ಹೇಳಿದರೂ ಕೇಳಿಸುವುದು ಖಾತ್ರಿಯಿರಲಿಲ್ಲ, ಏಕೆಂದರೆ ಅವಳು ನಿಂತಿದ್ದುದು ತಾಯಿಯ ಎಡಗಡೆಗೆ, ಆ ಕಿವಿ ಸತ್ತು ಮೂವತ್ತಮೂರು ವರ್ಷವಾಗಿತ್ತು. ಅವಳು ಯೋಚಿಸುತ್ತಿದ್ದುದು ಶಾಲೆಯ ಬಗ್ಗೆ. ತುಟಿ ಊದಿಕೊಂಡಿರುತ್ತದೆ. ಯಾರಾದರೂ ಕೇಳುತ್ತಾರೆ. ಸಿಲ್ಕೆಯ ಅಪ್ಪ ಗೆಂಟ್ ಪಟ್ಟಣದಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಈಗ ಹುಡುಗಿ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ; ಪೂರ್ತಿ ನನಗೇ ಬೇಕು, ಹೋಟೆಲಿನ ಹೊಗೆಯಲ್ಲಿ ಮಗು ಬೆಳೆಯಬಾರದು ಎಂದು ಅವನು ಕೋರ್ಟಿಗೆ ಬರೆದು ಕೊಟ್ಟಿದ್ದಾನೆ. ಮುಂದಿನ ತಿಂಗಳು ವಿಚಾರಣೆ. ಹೊಗೆಯ ಮಾತನ್ನು ಯಾವ ನ್ಯಾಯಾಧೀಶರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ವಕೀಲೆ ನಕ್ಕಿದ್ದಳು, ತಾಯಿ ಕೈಮಾಡುತ್ತಾಳೆ ಎಂಬ ಒಂದು ಸಾಲು ಎಲ್ಲೂ ಇಲ್ಲದಿದ್ದರೆ ಸಾಕು ಎಂದಿದ್ದಳು. ನಾತಿ ಆಗ ಎಷ್ಟು ಜಂಬದಿಂದ ಹೇಳಿದ್ದಳು, ನಾನು ಇದುವರೆಗೆ ಮಗಳ ಮೇಲೆ ದನಿ ಕೂಡ ಏರಿಸಿದವಳಲ್ಲ ಎಂದು. ನಿನ್ನೆಯವರೆಗೂ ಅದು ನಿಜವೇ ಆಗಿತ್ತು.

ಎಣ್ಣೆ ಕಾಯಿಸಬೇಕಿತ್ತು. ಹನ್ನೊಂದಕ್ಕೆ ಬುಟ್ಟಿ ಮುಚ್ಚಿದರೆ ಹನ್ನೆರಡಕ್ಕೆ ಒಳಗಿನ ರೊಟ್ಟಿ ತನ್ನದೇ ಹಬೆಯಲ್ಲಿ ಬೆವರಿ ಸಿದ್ಧವಾಗುತ್ತದೆ. ಅವರ ಊರಿನ ಕಸುಬು ಅದೇ. ಮೆಕ್ಸಿಕೋದ ತ್ಲಾಸ್ಕಾಲಾ ಪ್ರಾಂತ್ಯದ ಆ ಹಳ್ಳಿಯ ಅರ್ಧ ಜನ ಬುಟ್ಟಿ ಕಟ್ಟಿಕೊಂಡು ಸೈಕಲ್ಲಿನ ಮೇಲೆ ರಾಜಧಾನಿಗೆ ಹೋಗಿ ಟಾಕೋ, ಅಂದರೆ ಈ ತುಂಬಿ ಮಡಚಿದ ರೊಟ್ಟಿ, ಮಾರುತ್ತಾರೆ. ಬುಟ್ಟಿಗೆ ಮೊದಲು ಕಂಬಳಿ, ಮೇಲೆ ನೀಲಿ ಪ್ಲಾಸ್ಟಿಕ್, ಅದರೊಳಗೆ ಸುತ್ತುಸುತ್ತಾಗಿ ಮಡಚಿದ ಟಾಕೋ, ಒಂದೊಂದು ಸುತ್ತಿಗೂ ಈರುಳ್ಳಿ ಮತ್ತು ಒಣಮೆಣಸಿನಕಾಯಿ ಕರಿದ ಕುದಿಯುವ ಎಣ್ಣೆ. ಎಣ್ಣೆ ಬಿದ್ದ ಕೂಡಲೇ ರೊಟ್ಟಿಗಳು ಒಮ್ಮೆ ಸುಯ್ಯೆಂದು ಆಮೇಲೆ ಸುಮ್ಮನಾಗುತ್ತವೆ. ಆ ಸುಮ್ಮನಾಗುವುದು ನಾತಿಗೆ ಯಾವತ್ತೂ ಹಿಡಿಸಿಲ್ಲ. ಅಪ್ಪ ಹೊಡೆದ ಮೇಲೆ ಮನೆ ಹಾಗೇ ಸುಮ್ಮನಾಗುತ್ತಿತ್ತು, ಆಮೇಲೆ ಅವನು ಬಲು ಮೆಲ್ಲನೆ, ಬಹಳ ಮರ್ಯಾದೆಯಿಂದ, ಉಪ್ಪು ಕೊಡು ಎನ್ನುತ್ತಿದ್ದ. ಅವನ ಹೆಸರು ಅಬುಂದಿಯೊ. ಬಂದರಿನ ಹೂಳೆತ್ತುವ ಹಡಗಿನಲ್ಲಿ ಕೆಲಸ. ಆ ಹಡಗಿನವರೇ ವೆರಾಕ್ರೂಸ್ ಬಂದರಿನಿಂದ ಅವನನ್ನು ಈ ಊರಿಗೆ ಕರೆತಂದದ್ದು. ಎರಡು ತಿಂಗಳು ಸಮುದ್ರ, ಮೂರು ವಾರ ಮನೆ. ಆ ಮೂರು ವಾರ ನಾತಿಗೆ ಪಾಠ. ಮೇಜಿನ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವಳು, ನಡುವೆ ಸೊಂಟದ ಪಟ್ಟಿ. ನತಿವಿದಾದ್ ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಮಾಂದೆ ಅನ್ನಬೇಕು. ಸ್ಪ್ಯಾನಿಷಿನಲ್ಲಿ ಮಾಂದೆ ಎಂದರೆ ಅಪ್ಪಣೆಯಾಗಲಿ ಎಂದರ್ಥ. ಅವರ ಕಡೆ ದೊಡ್ಡವರು ಕರೆದರೆ ಮಕ್ಕಳು ಏನು ಎನ್ನುವಂತಿಲ್ಲ, ಕೇಳಿಸದಿದ್ದರೂ ಮಾಂದೆ, ಅರ್ಥವಾಗದಿದ್ದರೂ ಮಾಂದೆ. ಬೇರೆ ಮನೆಗಳಲ್ಲಿ ಅದು ಆಕಳಿಸಿದಷ್ಟು ಸಲೀಸಾಗಿ ಬಾಯಿಂದ ಬಂದುಬಿಡುತ್ತದೆ, ಯಾರೂ ಅದರ ಅರ್ಥದ ತಂಟೆಗೆ ಹೋಗುವುದಿಲ್ಲ. ಅಬುಂದಿಯೊ ಹೋಗುತ್ತಿದ್ದ. ನತಿವಿದಾದ್. ಮಾಂದೆ. ನತಿವಿದಾದ್. ಮಾಂದೆ. ಇಪ್ಪತ್ತು ಸಲ, ಮೂವತ್ತು ಸಲ, ಅಪ್ಪಣೆ ಮಾತ್ರ ಏನೂ ಇಲ್ಲ. ದನಿಯಲ್ಲಿ ಬೇಸರ ಇಣುಕಿದರೆ ಪಟ್ಟಿ ಮೇಜಿನಿಂದ ಏಳುತ್ತಿತ್ತು. ತೊಡೆಯ ಹಿಂಭಾಗಕ್ಕೇ ಹೊಡೆಯುತ್ತಿದ್ದ, ಕೂತಾಗಲೆಲ್ಲ ನೆನಪಾಗಲಿ ಎಂದು. ಹಡಗಿನಲ್ಲಿ ಅವನಿಗೇನಾಗುತ್ತಿತ್ತು ಎಂಬುದು ನಾತಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಅವನ ಜೊತೆಗಿದ್ದ ಒಬ್ಬ ಮುದುಕ ಇಲ್ಲಿಗೆ ಊಟಕ್ಕೆ ಬಂದಾಗ. ಮೇಸ್ತ್ರಿ ಕೂಗಿದರೆ ನಿಮ್ಮಪ್ಪ ಮಾಂದೆ ಅನ್ನುತ್ತಿದ್ದ, ನಮ್ಮ ಈ ಕಡೆಯ ಮಾತಿನಲ್ಲಿ ಮಾಂದೆ ಅಂದರೆ ಬುಟ್ಟಿ ತಾನೆ, ಅದಕ್ಕೇ ಅವನಿಗೆ ಬುಟ್ಟಿ ಅಂತಲೇ ಹೆಸರಿಟ್ಟುಬಿಟ್ಟಿದ್ದೆವು ಎಂದು ಮುದುಕ ನಗುತ್ತ ಹೇಳಿದ. ಅಪ್ಪ ಏಣಿ ಹತ್ತುವಾಗ ಮೇಲಿನಿಂದ ಖಾಲಿ ಬುಟ್ಟಿ ತಲೆಯ ಮೇಲೆ ಎಸೆಯುತ್ತಿದ್ದರಂತೆ. ಒಂದು ಸಲ ಕೆಸರು ತುಂಬಿದ್ದನ್ನೂ ಎಸೆದಿದ್ದರಂತೆ. ನಾತಿ ಮುದುಕನ ತಟ್ಟೆಗೆ ಇನ್ನೆರಡು ಟಾಕೋ ಹಾಕಿ ಒಳಗೆ ಬಂದು, ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಅಪ್ಪನ ಮೇಲೆ ಕನಿಕರ ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಹತ್ತೂವರೆಗೆ ಎಣ್ಣೆಗೆ ಈರುಳ್ಳಿ ಬಿಟ್ಟಳು. ಮುಂದಿನ ಕೋಣೆಯಲ್ಲಿ, ಮೇಜುಗಳ ಮೇಲ್ಗಡೆ, ಜಂತಿಗೆ ಹನ್ನೊಂದು ಬುಟ್ಟಿಗಳು ತೂಗುತ್ತಿವೆ. ಬಾಗಿಲ ಮೇಲಿನ ಬೋರ್ಡಿನಲ್ಲೂ ‘ಮಾಂದೆ’ ಎಂಬ ಹೆಸರಿನ ಪಕ್ಕ ಒಂದು ಬುಟ್ಟಿಯ ಚಿತ್ರ. ಹೊಸ ಗಿರಾಕಿಗಳು ಕೇಳಿಯೇ ಕೇಳುತ್ತಾರೆ, ಮೆಕ್ಸಿಕೋದವರ ಹೋಟೆಲಿಗೆ ನಮ್ಮ ಮಾತಿನ ಹೆಸರು ಹೇಗೆ ಬಂತು ಎಂದು. ಕ್ರೆಸೆನ್ಸಿಯಾ ಅದಕ್ಕೇ ಕಾದಿರುತ್ತಾಳೆ. ಕೈ ಒರೆಸಿಕೊಂಡು ಹೊರಗೆ ಬಂದು, ಮುರುಕಲು ಭಾಷೆಯಲ್ಲಿ, ಎರಡೂ ಪಾತ್ರ ತಾನೇ ವಹಿಸಿ ಕಥೆ ಹೇಳುತ್ತಾಳೆ. ತಾನು ಮೊದಲ ದಿನ ಬುಟ್ಟಿ ಹೊತ್ತು ಮೀನುಕಟ್ಟೆಯ ಹತ್ತಿರ ನಿಂತದ್ದು. ಗೋದೆಲೀವ ಎಂಬ ಮೀನಿನವಳು, ಕಂಬದಂಥ ಹೆಂಗಸು, ಸೊಂಟಕ್ಕೆ ಕೈಯಿಟ್ಟು ಬಂದು ಇದೇನೇ ಎಂದು ಕೇಳಿದ್ದು. ತನಗೆ ಒಂದಕ್ಷರ ತಿಳಿಯದೆ ತಾನು ಮಾಂದೆ ಎಂದದ್ದು. ಬುಟ್ಟಿ ಅಂತ ನಂಗೂ ಕಾಣತ್ತೆ ಕಣೆ, ಒಳಗೇನಿಟ್ಟಿದೀಯ ಅದನ್ನ ಹೇಳು ಎಂದು ಅವಳು. ಮತ್ತೆ ತಾನು, ಮಾಂದೆ. ಅಯ್ಯೋ ಬುಟ್ಟಿ ಕಣೆ, ಗೊತ್ತಾಯ್ತು ಕಣೆ. ಮಾಂದೆ. ಕೊನೆಗೆ ಗೋದೆಲೀವ ಬಟ್ಟೆ ಸರಿಸಿ ಒಂದು ಟಾಕೋ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಇಡೀ ಕಟ್ಟೆಗೆ ಕೇಳುವಂತೆ ಕೂಗಿದ್ದು: ಬನ್ರೇ, ಬುಟ್ಟಿಯವಳು ಬಂದಿದಾಳೆ, ಬೆಂಕಿ ತಂದಿದಾಳೆ. ಇಲ್ಲಿಗೆ ಬರುವಷ್ಟರಲ್ಲಿ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ, ಕ್ರೆಸೆನ್ಸಿಯಾ ತಾನೂ ನಗುತ್ತ ಬಲಗಿವಿಯನ್ನು ಮುಂದಕ್ಕೆ ಚಾಚಿ, ಆವತ್ತು ತಲೆಯನ್ನು ಹೇಗೆ ತಿರುಗಿಸಿದ್ದಳೆಂದು ತೋರಿಸುತ್ತಾಳೆ. ಆ ತಿರುಗಿಸುವುದನ್ನು ನೋಡಲಾರದೆ ನಾತಿ ಪ್ರತಿ ಸಲವೂ ಏನಾದರೊಂದು ನೆಪ ಹಿಡಿದು ಒಳಗೆ ಹೋಗುತ್ತಾಳೆ. ಗಿರಾಕಿಗಳು ಅದನ್ನು ನಟನೆ ಅಂದುಕೊಂಡಿದ್ದಾರೆ. ಆವತ್ತು ಅವಳಿಗೆ ಭಾಷೆ ತಿಳಿಯಲಿಲ್ಲ ಎಂಬುದು ಅರ್ಧ ಮಾತು. ಕೇಳಿಸಲಿಲ್ಲ. ಕೆನ್ನೆ ಕೆಂಪಗೆ ಊದಿ ಕಣ್ಣಿನವರೆಗೆ ಏರಿತ್ತು, ಎಡಗಿವಿಯಿಂದ ಇಳಿದ ರಕ್ತ ತಲೆವಸ್ತ್ರಕ್ಕೆ ಅಂಟಿ ಒಣಗಿತ್ತು, ಮೂರು ದಿನವಾಗಿತ್ತು ಅದಕ್ಕೆ.

ಆ ಮೂರು ದಿನದ ಹಿಂದಿನ ಭಾನುವಾರ ನಾತಿಗೆ ಹನ್ನೊಂದು ವರ್ಷ. ಮಧ್ಯಾಹ್ನದ ಊಟ ಮುಗಿದು ಅವಳು ತಟ್ಟೆ ತೊಳೆಯುತ್ತಿದ್ದಳು. ಅಮ್ಮ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಳು, ಗಾಳಿಗೆ ಹಾಸಿಗೆಯ ಚಾದರಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು, ಹಿತ್ತಲ ಬಾಗಿಲು ಮುಚ್ಚಿತ್ತು. ಈ ಮೂರನ್ನು ನಾತಿ ಮೂವತ್ತಮೂರು ವರ್ಷದಿಂದ ಒಂದಾದ ಮೇಲೊಂದರಂತೆ ನೆನಪಿಸಿಕೊಳ್ಳುತ್ತ ಬಂದಿದ್ದಾಳೆ, ಹಿತ್ತಲು, ಗಾಳಿ, ಬಾಗಿಲು. ಅಪ್ಪ ಕರೆದ. ತಲೆಯಲ್ಲಿ ಏನೋ ಇತ್ತು, ಶಾಲೆಯ ಆಟ, ಹಗ್ಗ, ಯಾವುದೋ ಹುಡುಗಿಯ ಹೊಸ ಸ್ಕರ್ಟು. ಬಾಯಿಯಿಂದ ‘ವುಕ್?’ ಎಂದು ಬಂದುಬಿಟ್ಟಿತು. ಬಂದ ಕೂಡಲೇ ಅದನ್ನು ಮತ್ತೆ ನುಂಗಿಬಿಡಬೇಕೆಂದು ಬಾಯಿ ಮುಚ್ಚಿಕೊಂಡಳು. ಅವನು ಅವಸರವಿಲ್ಲದೆ ಎದ್ದು ಬಂದ. ಕೂದಲನ್ನು ಬುಡದಲ್ಲಿ ಹಿಡಿದು ತಲೆಯನ್ನು ತೊಟ್ಟಿಯ ಅಂಚಿಗೆ ಒತ್ತಿದ, ಸೋಪಿನ ನೀರು ಮೂಗಿಗೆ ಹೋಯಿತು, ಒಂದು ತಟ್ಟೆ ಜಾರಿ ಒಡೆಯಿತು. ಯಾರು ಕಲಿಸಿದ್ದು ನಿಂಗೆ, ಎಂದು ಕೇಳಿದ. ಮೆಲ್ಲನೆ ಕೇಳಿದ. ಯಾರೂ ಕಲಿಸಿರಲಿಲ್ಲ, ಶಾಲೆಯ ಅಂಗಳದಲ್ಲಿ ಅದು ಧೂಳಿನಂತೆ ಅಂಟಿಕೊಂಡಿತ್ತು. ಅವಳು “ಅಮ್ಮ” ಎಂದಳು. ಆ ಕಾಲಕ್ಕೆ ಕ್ರೆಸೆನ್ಸಿಯಾಗೆ ಇಲ್ಲಿಯ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ, ಬ್ರೆಡ್ಡು ಬೇಕಾದರೆ ಬೆರಳು ತೋರಿಸುತ್ತಿದ್ದಳು. ಅದು ಅಬುಂದಿಯೊಗೆ ಗೊತ್ತಿತ್ತು, ನಾತಿಗೂ ಗೊತ್ತಿತ್ತು. ಸುಳ್ಳು ಎಂಬುದರಲ್ಲಿ ಅವರಿಬ್ಬರ ನಡುವೆ ಯಾವ ಸಂಶಯವೂ ಇರಲಿಲ್ಲ. ಅವನಿಗೆ ಒಂದು ಹೆಸರು ಬೇಕಾಗಿತ್ತು, ಅವಳು ಕೊಟ್ಟಳು, ಅವನು ಕೂದಲು ಬಿಟ್ಟ. ಬಿಡುವಾಗ ಅವಳ ತಲೆಯನ್ನು ಒಮ್ಮೆ ಸವರಿದ್ದನ್ನೂ ಅವಳು ಮರೆತಿಲ್ಲ. ಆಮೇಲೆ ಹೆಂಡತಿಯನ್ನು ಕೂಗಿದ. ಕ್ರೆಸೆನ್ಸಿಯಾ ಒದ್ದೆ ಕೈಯಲ್ಲಿ ಬಟ್ಟೆಯ ಕ್ಲಿಪ್ಪು ಹಿಡಿದುಕೊಂಡೇ ಒಳಗೆ ಬಂದು “ಮಾಂದೆ” ಎಂದಳು. ತೆರೆದ ಅಂಗೈ, ಪೂರ್ತಿ ತೋಳಿನ ಬೀಸು, ಕಿವಿಯ ಮೇಲೆ. ಮಾಗಿದ ಹಣ್ಣು ಕಲ್ಲಿನ ಮೇಲೆ ಬಿದ್ದಂಥ ಸದ್ದು. ಬಿದ್ದವಳು ಏಳುವ ಮೊದಲೇ ಮತ್ತೊಂದು, ಆಮೇಲೆ ಬೂಟು. ಪಕ್ಕೆಲುಬಿಗೆ ಬೂಟು ತಗುಲಿದಾಗ ಅವಳ ಬಾಯಿಯಿಂದ ಗಾಳಿ ಮಾತ್ರ ಬಂತು. ನಾತಿ ಬೆನ್ನು ತಿರುಗಿಸಿ ಉಳಿದ ತಟ್ಟೆಗಳನ್ನು ತೊಳೆದಳು. ಒಡೆದ ತಟ್ಟೆಯ ಚೂರುಗಳನ್ನೂ ತೊಳೆದಿಟ್ಟಳು.

ಮಾರನೆಯ ದಿನ ಅವನು ಹಡಗಿಗೆ ಹೋದ. ಮನೆಯಲ್ಲಿ ಇದ್ದದ್ದು ಅರ್ಧ ಮೂಟೆ ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆ, ಊರಿನಿಂದ ತಂದ ಮೆಣಸಿನಕಾಯಿ, ಮತ್ತು ಬಟ್ಟೆ ತುಂಬಿಸಿ ತಂದಿದ್ದ ಆ ಬುಟ್ಟಿ. ಹೊಟ್ಟೆ ಕೇಳಬೇಕಲ್ಲ. ಹಾಗೆ ಶುರುವಾದದ್ದು ಈ ಹೋಟೆಲು. ತಿಂಗಳು ಎರಡು ಕಳೆಯುವಷ್ಟರಲ್ಲಿ ಕಟ್ಟೆಯ ಹೆಂಗಸರೆಲ್ಲ ಅವಳನ್ನು ಮಾಂದೆ ಎಂದೇ ಕರೆಯುತ್ತಿದ್ದರು, ಅವಳೂ ಕರೆದರೆ ನಗುತ್ತಿದ್ದಳು. ಹೊರಗಿನವರ ಬಾಯಲ್ಲಿ ಆ ಮಾತು ನೋವಿಲ್ಲದೆ ಕೇಳುವುದೇ ಒಂದು ಸುಖವಾಗಿತ್ತೇನೋ. ಒಂದು ಶನಿವಾರ ಬೆಳಿಗ್ಗೆ ನಾತಿ ಬುಟ್ಟಿಯ ಪಕ್ಕ ನಿಂತು ಕಾಗದದಲ್ಲಿ ಟಾಕೋ ಕಟ್ಟಿಕೊಡುತ್ತಿದ್ದಾಗ ಅಪ್ಪ ಹಡಗಿನಿಂದಿಳಿದು ನೆಟ್ಟಗೆ ಕಟ್ಟೆಯ ಮೇಲೆ ನಡೆದು ಬಂದ. ಆ ಹೊತ್ತಿಗೆ ಸರಿಯಾಗಿ ಯಾರೋ ಕೂಗಿದರು, ಮಾಂದೆ, ನಂಗೆರಡು. ಇನ್ನೊಬ್ಬಳು, ಮಾಂದೆ, ನಂಗೆ ನಾಲ್ಕು. ಎಲ್ಲರೂ ನಗುತ್ತಿದ್ದರು. ಅಬುಂದಿಯೊ ನಿಂತುಬಿಟ್ಟ. ಹಡಗಿನಲ್ಲಿ ತನಗಿಟ್ಟ ಹೆಸರು ತನಗಿಂತ ಮೊದಲೇ ಊರೊಳಗೆ ಬಂದು ಕೂತಿದೆ, ತನ್ನ ಹೆಂಡತಿ ಮಗಳ ಮುಂದೆ ಜನ ಅದನ್ನು ಹೇಳಿ ನಗುತ್ತಿದ್ದಾರೆ ಎಂದು ಅವನು ತಿಳಿದಿರಬೇಕು. ಇದು ಈಗಿನ ಲೆಕ್ಕ. ಆಗ ನಾತಿ ಕಂಡದ್ದು ಅವನ ಮುಖ ಬೂದಿಯಾದದ್ದನ್ನು, ಅಷ್ಟೆ. ಓಡಿ ಬಂದು ಬುಟ್ಟಿಯನ್ನು ಒದ್ದ. ಟಾಕೋಗಳು ಮೀನಿನ ಕರುಳು, ಮಂಜುಗಡ್ಡೆಯ ನೀರಿನ ಮೇಲೆ ಚೆಲ್ಲಿದವು, ಕಡಲಹಕ್ಕಿಗಳು ಕಿರುಚುತ್ತ ಮೇಲೆರಗಿದವು. ಬೂಟಿನಲ್ಲಿ ಒಂದೊಂದನ್ನೂ ತುಳಿದ, ಆಮೇಲೆ ಕ್ರೆಸೆನ್ಸಿಯಾಳ ತಲೆವಸ್ತ್ರ ಹಿಡಿದು ಎಳೆದು ಮುಖವನ್ನು ಕಲ್ಲಿನ ಕಟ್ಟೆಗೆ ಬಡಿದ, ಒಮ್ಮೆ, ಇನ್ನೊಮ್ಮೆ. ಮೂರನೆಯ ಸಲಕ್ಕೆ ಗೋದೆಲೀವ ತಕ್ಕಡಿಯ ಕಿಲೋ ಬಟ್ಟು ಹಿಡಿದು ಬಂದಳು. ಮಾತಾಡಲಿಲ್ಲ. ದೊಡ್ಡ ಮೀನಿನ ತಲೆಗೆ ಹೊಡೆದು ಸಾಯಿಸುವಂತೆ, ಅದೇ ಕೈ, ಅದೇ ಅಳತೆ, ಅವನ ದವಡೆಗೆ ಹೊಡೆದಳು. ಹಲ್ಲುಗಳು ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ಅವನು ಮಂಡಿಯೂರಿ, ಒಂದು ಕೈ ನೆಲಕ್ಕೂರಿ, ತೆರೆದ ಬಾಯಿಂದ ರಕ್ತ ಸುರಿಸುತ್ತ ಮಗಳ ಕಡೆ ನೋಡಿದ. ಕರೆಯಲು ಹೊರಟಿದ್ದ, ನ ಎಂಬ ಅಕ್ಷರವೂ ಹೊರಗೆ ಬಂದಿತ್ತು. ನಾತಿ ಮುಂದೆ ಬಂದು ಆ ಊರಿದ ಕೈಯ ಬೆರಳುಗಳ ಮೇಲೆ ಶಾಲೆಯ ಬೂಟಿನ ಹಿಮ್ಮಡಿಯಿಟ್ಟು ತನ್ನ ಭಾರವನ್ನೆಲ್ಲ ಹಾಕಿದಳು. ಒಂದು ಬೆರಳು ಮುರಿದದ್ದು ಕಾಲಿಗೇ ತಿಳಿಯಿತು. ಅಬ್ಬ, ಆ ಸುಖ. ಅಂಥ ಸುಖ ಅವಳಿಗೆ ಗಂಡನ ಜೊತೆಯಲ್ಲಿ ಸಿಗಲಿಲ್ಲ, ಮಗಳನ್ನು ಹೆತ್ತಾಗ ಸಿಗಲಿಲ್ಲ. ಅದು ಕಾಲಿನಿಂದ ಹತ್ತಿ ಬಂದು ಮೈಯಲ್ಲಿ ಎಲ್ಲೋ ಕೂತಿತ್ತು, ಹೋಗಿರಲಿಲ್ಲ. ಇವತ್ತು ಏಳೂವರೆಗೆ ಅಂಗೈಗೆ ಬಂದದ್ದು ಅದೇ. ಸಿಲ್ಕೆಯ ತುಟಿ ಹಲ್ಲಿಗೆ ಸಿಕ್ಕಿ ಒಡೆದಾಗ, ಒಂದು ಕ್ಷಣ, ಅರ್ಧ ಕ್ಷಣ, ನಾತಿಗೆ ಹಿತವಾಗಿತ್ತು. ಚುರುಗುಟ್ಟುತ್ತಿದ್ದುದು ಅದು. ನೀರಿಗೆ ಹಿಡಿದರೆ ಅದು ಹೋಗುವಂಥದ್ದಲ್ಲ.

ಅಬುಂದಿಯೊ ಆ ಸಂಜೆಯೇ ಹಡಗಿಗೆ ಮರಳಿದ, ಮತ್ತೆ ಬರಲಿಲ್ಲ. ಗೋದೆಲೀವ ತನ್ನ ಮೀನಿನ ಉಗ್ರಾಣದ ಮುಂದಿನ ಕೋಣೆ ಖಾಲಿ ಮಾಡಿಸಿ ತಾಯಿ ಮಗಳನ್ನು ಕೂರಿಸಿದಳು, ಬಾಗಿಲ ಮೇಲೆ ತಾನೇ ನೀಲಿ ಬಣ್ಣದಲ್ಲಿ ಆ ಹೆಸರು ಬರೆದಳು. ಸಾಯುವತನಕ ಆ ಕಿಲೋ ಬಟ್ಟನ್ನು ಯಾರಿಗೂ ಕೊಡಲಿಲ್ಲ. ಈಗ ಅದು ಇಲ್ಲೇ ಇದೆ, ನಾತಿ ಅದನ್ನು ಟಾಕೋಗಳ ಮೇಲೆ ಮುಚ್ಚಿದ ಬಟ್ಟೆ ಹಾರದಂತೆ ಇಡುತ್ತಾಳೆ. ಹನ್ನೊಂದಾಯಿತು. ಅವಳು ಸುತ್ತುಸುತ್ತಾಗಿ ಟಾಕೋ ಜೋಡಿಸುತ್ತ ಎಣ್ಣೆ ಹೊಯ್ದಳು, ಸುಯ್ಯೆಂದಿತು, ಸುಮ್ಮನಾಯಿತು. ಆ ಬುಟ್ಟಿ ಮುಚ್ಚಿ, ಹನ್ನೊಂದೂವರೆ ದಾಟಿದ ಮೇಲೆ ಎರಡನೆಯ ಬುಟ್ಟಿಗೆಂದು ಇನ್ನೊಂದು ಬಾಣಲೆಯಲ್ಲಿ ಎಣ್ಣೆ, ಈರುಳ್ಳಿ ಇಟ್ಟಳು. ಬುಧವಾರವಾದ್ದರಿಂದ ಶಾಲೆ ಅರ್ಧ ದಿನ. ಹುಡುಗಿ ಹನ್ನೆರಡಕ್ಕೆಲ್ಲ ಬರುತ್ತಾಳೆ. ಬಂದ ಕೂಡಲೇ ಕ್ಷಮೆ ಕೇಳಬೇಕು. ಯಾವ ಮಾತಿನಲ್ಲಿ? ಸ್ಪ್ಯಾನಿಷಿನಲ್ಲಿ ಕೇಳಿದರೆ ತಾಯಿಗೂ ತಿಳಿಯುತ್ತದೆ, ಈ ಊರಿನ ಫ್ಲೆಮಿಷಿನಲ್ಲಿ ಕೇಳಿದರೆ ಕ್ಷಮೆ ಎಂಬುದು ಬಸ್ಸಿನಲ್ಲಿ ಕಾಲು ತುಳಿದಾಗ ಹೇಳುವ ಮಾತು. ಅವಳು ಇದನ್ನೇ ತಿರುವಿ ಮುರುವಿ ಯೋಚಿಸುತ್ತಿದ್ದಾಗ ಮುಂಬಾಗಿಲ ಗಂಟೆ ಬಡಿಯಿತು. ಹೋಟೆಲು ತೆರೆಯಲು ಇನ್ನೂ ಹದಿನೈದು ನಿಮಿಷವಿತ್ತು. ಗಾಜಿನಾಚೆ ಸಿಲ್ಕೆ ನಿಂತಿದ್ದಳು, ಅವಳ ಹೆಗಲ ಮೇಲೆ ಕೈಯಿಟ್ಟು ಅವಳ ಟೀಚರ್.

ಲೀಸ್‌ಬೆತ್ ಟೀಚರ್ ಎಳೆ ವಯಸ್ಸಿನವಳು, ಮಳೆಯಂಗಿಯನ್ನು ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತಳು. ಬೇಕಾದಷ್ಟು ಸುತ್ತಿ ಬಳಸಿ ಮಾತಾಡಿದಳು, ಸಿಲ್ಕೆ ಜಾಣೆ, ಗಣಿತ ಚೆನ್ನಾಗಿದೆ, ಹೋಟೆಲಿನ ವಾಸನೆ ಎಷ್ಟು ಚಂದ. ನಾತಿ ಮಗಳ ತುಟಿಯನ್ನೇ ನೋಡುತ್ತಿದ್ದಳು; ಅದು ಬದಿಗೆ ಎದ್ದು ನೀಲಿಗಟ್ಟಿತ್ತು, ನಡುವೆ ಕಪ್ಪು ಗೆರೆ. ಸಿಲ್ಕೆ ಅವಳನ್ನು ನೋಡಲಿಲ್ಲ, ಮೇಲೆ ತೂಗುವ ಬುಟ್ಟಿಗಳನ್ನು ಎಣಿಸುವವಳಂತೆ ಕತ್ತೆತ್ತಿದ್ದಳು. ಕೊನೆಗೆ ಟೀಚರ್ ಹೇಳಿದಳು: “ನಿಮ್ಮನ್ನ ಹೆದರಿಸೋಕೆ ಬಂದಿಲ್ಲ. ಅಜ್ಜಿ ಹೊಡೆದ್ರು ಅಂತ ಸಿಲ್ಕೆ ಹೇಳಿದ್ಲು. ಇಂಥದ್ದನ್ನ ನಾವು ಬರೆದಿಡಲೇಬೇಕು. ಅದಕ್ಕೆ ಮೊದಲು ಅವರನ್ನೇ ಒಂದು ಮಾತು ಕೇಳೋಣ ಅಂತ.”

ನಾತಿಗೆ ಸೋಪಿನ ನೀರು ಮೂಗಿಗೆ ಹೋದಂತಾಯಿತು. ಅಜ್ಜಿ. ಹುಡುಗಿ ಒಂದೂ ಯೋಚಿಸದೆ ಹೇಳಿರಬೇಕು, ಅಥವಾ ಬಹಳ ಯೋಚಿಸಿ, ಕೋರ್ಟು ಅಪ್ಪ ಗೆಂಟ್ ಎಲ್ಲವನ್ನೂ ಅಳೆದು ಹೇಳಿರಬೇಕು. ಇವಳು ತನಗಿಂತ ಒಳ್ಳೆಯವಳು, ತನ್ನನ್ನು ಉಳಿಸಿಕೊಳ್ಳಲು ಅಲ್ಲ, ಅಮ್ಮನನ್ನು ಉಳಿಸಲು ಹೇಳಿದ್ದಾಳೆ. ಆದರೆ ಸಿಕ್ಕ ಹೆಸರು ಅದೇ. ಈ ಮನೆಯಲ್ಲಿ ಏಟು ಯಾರ ತಲೆಗೆ ಕಟ್ಟಬೇಕೆಂದು ಹುಟ್ಟಿದ ಮಕ್ಕಳಿಗೆಲ್ಲ ಗೊತ್ತು. ಅಷ್ಟರಲ್ಲಿ ಕ್ರೆಸೆನ್ಸಿಯಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದಳು, ಹೊಸ ಗಿರಾಕಿ ಎಂದುಕೊಂಡು, ಕಥೆ ಹೇಳುವ ಮುಖ ಮಾಡಿಕೊಂಡು. ಟೀಚರ್ ಎದ್ದು ನಿಂತು ಬಹಳ ಮೆತ್ತಗೆ, ಅವಳ ಎಡಗಡೆಯಿಂದ, ಈ ಮಗುವಿಗೆ ನೀವು ಹೊಡೆದಿರಾ ಎಂದು ಕೇಳಿದಳು. ಮುದುಕಿ ಬಲಗಿವಿ ತಿರುಗಿಸಿ “ಮಾಂದೆ?” ಎಂದಳು. ಟೀಚರ್ ಗೊಂದಲಗೊಂಡು ಮೇಲಿನ ಬುಟ್ಟಿಗಳ ಕಡೆ ನೋಡಿ ಸುಮ್ಮನೆ ನಕ್ಕಳು. ಸಿಲ್ಕೆ ಅಜ್ಜಿಯ ಬಲಗಡೆಗೆ ಹೋಗಿ ಸ್ಪ್ಯಾನಿಷಿನಲ್ಲಿ ಆ ಪ್ರಶ್ನೆಯನ್ನು ಹೇಳಿದಳು, ಪಾಠ ಒಪ್ಪಿಸುವವಳಂತೆ, ಪೂರ್ತಿಯಾಗಿ. ಕ್ರೆಸೆನ್ಸಿಯಾ ಮೊಮ್ಮಗಳ ತುಟಿ ನೋಡಿದಳು, ನಾತಿಯ ಮುಖ ನೋಡಿದಳು. ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ನಾನು,” ಎಂದಳು, ತನ್ನ ಮುರುಕಲು ಭಾಷೆಯಲ್ಲಿ, ಎದೆಗೆ ಕೈಯಿಟ್ಟುಕೊಂಡು. “ನಾನೇ ಹೊಡೆದೆ. ಮುದುಕಿ. ತಲೆ ಸರಿಯಿಲ್ಲ.”

ಟೀಚರ್ ಪುಸ್ತಕ ತೆಗೆದು ಬರೆಯತೊಡಗಿದಳು. ಅಷ್ಟೇ ಸಾಕಾಗಿತ್ತು. ಮುದುಕಿಯನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ಅಜ್ಜಿಯ ಹತ್ತಿರ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ ಎಂದರೆ ಮುಗಿಯಿತು, ವಕೀಲೆ ಅದನ್ನು ಎರಡೇ ಮಾತಿನಲ್ಲಿ ತೇಲಿಸಿಬಿಡುತ್ತಾಳೆ. ಸಿಲ್ಕೆ ಉಳಿಯುತ್ತಾಳೆ. ನಾತಿಗೆ ಮೈ ಹಗುರವಾದದ್ದು ನಿಜ, ಆವತ್ತು ಅಪ್ಪ ಕೂದಲು ಬಿಟ್ಟಾಗ ತಲೆ ಹಗುರವಾಗಿತ್ತಲ್ಲ, ಹಾಗೇ. ಅವಳು ಹೇಗೋ ತಾಯಿಯ ಹತ್ತಿರ ಹೋಗಿ, ಬಲಗಡೆಯೇ ನಿಂತು, ನೀವು ಯಾಕಮ್ಮ ಹೀಗೆ ಹೇಳಿದಿರಿ ಎಂದಳು. ಹಳ್ಳಿಯ ರೂಢಿ, ತಾಯಿಗೆ ಇವತ್ತಿಗೂ ಬಹುವಚನ.

“ಸುಮ್ನಿರು,” ಎಂದಳು ಕ್ರೆಸೆನ್ಸಿಯಾ ಸ್ಪ್ಯಾನಿಷಿನಲ್ಲಿ, ಟೀಚರ್ ಕಡೆ ನಗುತ್ತಲೇ. “ನಂಗೇನು ಹೊಸದಾ ಇದು? ಹಿತ್ತಲ ಬಾಗಿಲು ತೆರೆದೇ ಇತ್ತು ಕಣೇ ಆವತ್ತು. ನೀನು ನನ್ನ ಹೆಸರು ಹೇಳಿದ್ದು ಎರಡೂ ಕಿವಿಯಿಂದ ಕೇಳಿಸ್ಕೊಂಡೆ. ಈ ಕಿವಿಗೆ ಚೆನ್ನಾಗಿ ಕೇಳಿಸಿದ ಕೊನೇ ಮಾತು ಅದೇ. ಹೋಗು, ಎಣ್ಣೆ ಸೀದೀತು.”

ಹಿತ್ತಲು, ಗಾಳಿ, ಬಾಗಿಲು. ಒಳಗೆ ಎಣ್ಣೆ ಸೀಯುತ್ತಿದ್ದ ವಾಸನೆ ಬರುತ್ತಿತ್ತು, ನಾತಿ ಅಲ್ಲಾಡಲಿಲ್ಲ. ಮೂವತ್ತಮೂರು ವರ್ಷ ಈ ಹೆಂಗಸು ದಿನಾ ಜನರ ಮುಂದೆ ಆ ಕಿವಿ ತಿರುಗಿಸಿ ನಗಿಸಿದ್ದಳು, ತಾನು ದಿನಾ ಒಳಗೆ ಓಡಿಹೋಗಿದ್ದಳು, ಯಾಕೆ ಓಡುತ್ತಾಳೆಂದು ತಾಯಿಗೆ ಗೊತ್ತಿತ್ತು. ಗೊತ್ತಿದ್ದೂ, ಏಟು ತಿಂದ ಮಾರನೆಯ ಬೆಳಿಗ್ಗೆ ಮಗಳ ಜಡೆ ಹೆಣೆದಿದ್ದಳು. ಅಪ್ಪ ಹೊಡೆದದ್ದಕ್ಕಿಂತ ಇದು ಜೋರಾಗಿ ತಗುಲಿತು, ಎಲ್ಲಿಗೆ ಎಂದು ಕೈಯಿಟ್ಟು ತೋರಿಸಲೂ ಆಗುತ್ತಿರಲಿಲ್ಲ. ಅವಳು ಟೀಚರ್ ಕಡೆ ತಿರುಗಿ, ಬರೆದದ್ದನ್ನು ಹೊಡೆದುಹಾಕಿ, ಎಂದಳು. ತನ್ನ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. ಅವರಿಗೆ ಕೇಳಿಸುವುದೇ ಕಡಿಮೆ, ನೀವು ಕೇಳಿದ್ದು ಅವರಿಗೆ ಗೊತ್ತಾಗಿಲ್ಲ ಎಂದಳು. ಅದೂ ಸುಳ್ಳು, ನಾಲಗೆ ಎಷ್ಟು ಸಲೀಸಾಗಿ ಆ ಕಡೆಗೇ ಹೊರಳುತ್ತದೆ. ಮತ್ತೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಹೇಳಿದಳು.

“ಅಲ್ಲ. ಅವರಿಗೆ ಗೊತ್ತಾಗಿದೆ. ಹೊಡೆದದ್ದು ನಾನು. ಬೆಳಿಗ್ಗೆ ಏಳೂವರೆಗೆ, ಈ ಕೈಯಲ್ಲಿ. ಹಾಗಂತಲೇ ಬರೀರಿ.”

ಟೀಚರ್ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಸಾಲು ಬರೆದಳು. ನಾಳೆ ಯಾರಾದರೂ ಬರಬಹುದು, ಸಿಲ್ಕೆಯ ಅಪ್ಪನಿಗೂ ತಿಳಿಸಬೇಕಾಗುತ್ತದೆ, ಕ್ಷಮಿಸಿ, ಎಂದು ಹೇಳಿ ಹೋದಳು. ಕ್ರೆಸೆನ್ಸಿಯಾ ಮಗಳ ಕಡೆ ನೋಡದೆ ಒಳಗೆ ನಡೆದು ಒಲೆ ಆರಿಸಿದಳು. ಬಾಣಲೆಯನ್ನು ತೊಟ್ಟಿಗೆ ಎಸೆದ ಸದ್ದು ಕೇಳಿಸಿತು, ಕರಟಿದ ಈರುಳ್ಳಿಯ ಹೊಗೆ ಮುಂದಿನ ಕೋಣೆಗೂ ಬಂತು. ಹೆಡ್ಡಿ, ಹುಟ್ಟಾ ಹೆಡ್ಡಿ, ಮಗು ಕೈಬಿಟ್ಟು ಹೋಗತ್ತೆ ಈಗ, ಎಂದು ಅವಳು ಬಿಕ್ಕುತ್ತ ಬೈಯುತ್ತಿದ್ದಳು. ಹೊರಗೆ ನಾಲ್ಕೈದು ಜನ ಗಿರಾಕಿಗಳು ಬಾಗಿಲು ತೆರೆಯುವುದನ್ನು ಕಾಯುತ್ತ ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕುತ್ತಿದ್ದರು.

ಸಿಲ್ಕೆ ಮೆಟ್ಟಿಲ ಮೇಲೆ ಬೆಳಿಗ್ಗೆ ಕೂತಿದ್ದ ಜಾಗದಲ್ಲೇ ಕೂತು ಬೂಟು ಬಿಚ್ಚುತ್ತಿದ್ದಳು. ನಾಲಗೆ ಹೊರಗೆ ಹಾಕಿರಲಿಲ್ಲ, ತುಟಿ ನೋಯುತ್ತಿರಬೇಕು. ನಾತಿಗೆ ಎಷ್ಟೋ ಹೇಳುವುದಿತ್ತು. ಹೋಗಿ ಪಕ್ಕದಲ್ಲಿ ಕೂರಬೇಕೆಂದಿತ್ತು, ನಾಲ್ಕೇ ಹೆಜ್ಜೆ, ಆದರೆ ಆ ನಾಲ್ಕು ಹೆಜ್ಜೆ ಇಡಲು ಅವಳಿಗೆ ಧೈರ್ಯ ಬರಲಿಲ್ಲ. ಇದ್ದಲ್ಲಿಂದಲೇ, ಆದಷ್ಟು ಮೆಲ್ಲಗೆ, ಸಿಲ್ಕೆ ಎಂದು ಕರೆದಳು. ತಾನು ಎಷ್ಟು ಮೆಲ್ಲಗೆ ಕರೆದೆನೆಂಬುದು ಕರೆದ ಮೇಲೆ ಅವಳಿಗೆ ಕೇಳಿಸಿತು, ಅಪ್ಪನಷ್ಟೇ ಮೆಲ್ಲಗೆ.

ಹುಡುಗಿ ಬೂಟನ್ನು ಬಿಟ್ಟು ತಟ್ಟನೆ ಎದ್ದು ನಿಂತಳು. ಒಂದು ಕೈಯಿಂದ ಬಾಯಿಯನ್ನು ಮರೆಮಾಡಿಕೊಂಡಳು, ಹೆಗಲುಗಳು ಕಿವಿಯವರೆಗೆ ಏರಿದ್ದವು.

“ಮಾಂದೆ,” ಎಂದಳು.

ನಾತಿಗೆ ಅಪ್ಪಣೆ ಕೊಡಲು ಏನೂ ಇರಲಿಲ್ಲ.